ಅಲ್ಲೇನಿದೆ ಎಂದು ಕೇಳುವವರಿಗೆ

ಪ್ರತಿ ಬೇಸಿಗೆ ರಜೆಯಲ್ಲಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಬೆಂಗಳೂರಿನಿಂದ ಕುಮಟಾಕ್ಕೆ ಬಂದು, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿರುವ ತವರಿನಲ್ಲಿ ಹದಿನೈದು ದಿನ ಉಳಿಯುತ್ತೇನೆ. ಹೊರಡುವ ಮೊದಲು ಬೆಂಗಳೂರಿನವರೂ ಬಂದಿಳಿದ ಮೇಲೆ ಊರಿನ ನೆಂಟರೂ ಕೇಳುವುದು ಒಂದೇ ಪ್ರಶ್ನೆ: "ಮಕ್ಕಳಿಗೆ ತೋರಿಸುವುದಕ್ಕೆ ಆ ಹೊಳೆಯಲ್ಲಿ ಏನಿದೆ?" ಹತ್ತು ವರ್ಷ ನಗುತ್ತಲೇ ಉತ್ತರಿಸಿದ್ದೇನೆ. ಇನ್ನು ನಗಲಾರೆ.

ನನಗೆ ಹಿಡಿಸದಿರುವುದು ಆ "ಏನಿದೆ" ಎಂಬ ಮಾತಿನ ಧಾಟಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಲುಕದೆ ಸಮುದ್ರ ಸೇರುವ ಈ ನದಿಯನ್ನು ಜನ ಜಲಪಾತದ ಹತ್ತಿರ ಬೆರಗಾಗಿ ನೋಡುತ್ತಾರೆ. ಅದೇ ನೀರು ಘಟ್ಟ ಇಳಿದು, ಮಿರ್ಜಾನ್ ದಾಟಿ, ಅಗಲವಾಗಿ ಉಪ್ಪಾಗಿ ಹರಡಿಕೊಂಡ ಕೂಡಲೇ ಅವರ ಪಾಲಿಗೆ ಬರೀ ಕೆಸರಾಗುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಮೇಲೆ, ಒಂದು ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತಿದ್ದ ನೆಂಟರೊಬ್ಬರು, "ಅಂತೂ ಹೆಸರು ಬಂತು, ಇನ್ನಾದರೂ ಅಲ್ಲಿ ನೋಡುವಂಥದ್ದು ಏನಾದರೂ ಕಟ್ಟುತ್ತಾರೋ ಏನೋ" ಎಂದರು. ನನ್ನ ಕೈಯಲ್ಲಿದ್ದ ತುತ್ತು ಎಲೆಗೆ ಮರಳಿತು. ಗಜನಿ ಎಂಬ ಅಳಿವೆಯಂಚಿನ ತಗ್ಗು ಗದ್ದೆಗಳ ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗ ಭತ್ತವಿದೆ, ಮರದಲ್ಲಿರುವಾಗಲೇ ಮೊಳೆತು ಕೋಲಿನಂತೆ ತೂಗುವ ಕಾಂಡ್ಲಾ ಎಂಬ ಉಪ್ಪುನೀರಿನ ಮರದ ಬೀಜವಿದೆ, ನೀರಿಳಿದಾಗ ಸೊಂಟ ಬಗ್ಗಿಸಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸಿ ಸಂಸಾರ ನಡೆಸುವ ಹೆಂಗಸರಿದ್ದಾರೆ ಎಂದು ಅಂದು ಹೇಳಬೇಕಿತ್ತು. ಮಕ್ಕಳ ಮುಂದೆ ಹಿರಿಯರಿಗೆ ಎದುರಾಡಬಾರದೆಂದು ಸುಮ್ಮನಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆದರೆ ನನ್ನನ್ನು ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: "ನಿಮ್ಮ ಹೊಳೆ ನಿಮ್ಮ ಮಕ್ಕಳದೂ ಆಯಿತೇ?" ಕೇಳಿದ್ದರೆ ಬಹಳ ವರ್ಷ "ಇಲ್ಲ" ಎಂದೇ ಹೇಳಬೇಕಾಗುತ್ತಿತ್ತು.

ನಾನು ಹೊಳೆಗೆ ಹೋಗುತ್ತಿದ್ದುದು ಕೆಲಸಕ್ಕೆ. ಹೊತ್ತು ಗೊತ್ತು ಮಾಡುತ್ತಿದ್ದವಳು ಅಜ್ಜಿ. ಭರತವಾಗುವ, ಅಂದರೆ ಸಮುದ್ರದ ನೀರು ಉಕ್ಕಿ ಏರುವ, ಸಮಯ ದಿನಕ್ಕೆ ಎರಡು ಗಳಿಗೆಯಷ್ಟು, ಅಂದರೆ ಸುಮಾರು 48 ನಿಮಿಷ, ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿ, ನವಮಿಯ ಹೊತ್ತಿಗೆ ಎರಡೂ ಕಡಿಮೆ. ಈ ಲೆಕ್ಕ ಅವಳ ಬಾಯಲ್ಲಿತ್ತು. ಮೊಣಕಾಲು ನೀರಿನಲ್ಲಿ ನಿಂತು ಹೆಬ್ಬೆರಳಿನಿಂದ ಮರಳನ್ನು ಮೆಲ್ಲನೆ ಒತ್ತುತ್ತ ಹೋದರೆ ಬಳಚಿನ ದುಂಡು ಬೆನ್ನು ಕಾಲಿಗೆ ಸಿಗುತ್ತಿತ್ತು. ಕಲ್ಲು ಯಾವುದು, ಸತ್ತ ಚಿಪ್ಪು ಯಾವುದು, ಜೀವವಿರುವುದು ಯಾವುದು ಎಂದು ಬಗ್ಗದೆಯೇ ತಿಳಿಯುತ್ತಿತ್ತು. ಬುಟ್ಟಿ ತುಂಬಿದರೆ ರಾತ್ರಿಗೆ ಸುಕ್ಕಾ, ತುಂಬದಿದ್ದರೆ ಬೈಗುಳ.

ಇದನ್ನೆಲ್ಲ ನನ್ನ ಮಕ್ಕಳಿಗೆ ಹಾಗೆಯೇ ದಾಟಿಸಲು ಹೊರಟದ್ದು ನನ್ನ ತಪ್ಪು. ಇಲ್ಲಿ ನಿಲ್ಲಿ, ಹೀಗೆ ಒತ್ತಿ, ನಿಮ್ಮ ಮುತ್ತಜ್ಜಿ ಇಲ್ಲಿಯೇ ಕುಳಿತಿರುತ್ತಿದ್ದಳು ಎಂದು ಬಿಡುವಿಲ್ಲದೆ ಹೇಳುತ್ತಿದ್ದೆ. ಮಗನಿಗೆ ಕಾಲಡಿಯ ಕೆಸರು ಅಸಹ್ಯವಾಗಿ ಅತ್ತುಬಿಟ್ಟ. ಅವನ ಅಳು ನನಗೆ ಅವಮಾನದಂತೆ ಕಂಡಿತು. ಮತ್ತೂ ಒಂದು ಹೆಜ್ಜೆ ಒಳಗೆ ಎಳೆದೆ. ಅದಕ್ಕಾಗಿ ಈಗಲೂ ನೋಯುತ್ತೇನೆ. ಬುಟ್ಟಿ ಖಾಲಿಯಾದರೂ ಅವರ ರಾತ್ರಿಯೂಟಕ್ಕೆ ಕೊರತೆಯಿಲ್ಲ ಎಂದ ಮೇಲೆ, ಅವರಿಗೆ ಹೊಳೆ ನನಗಾದಂತೆ ಆಗಬೇಕೆಂದು ನಾನು ಹಟ ಹಿಡಿದದ್ದಾದರೂ ಏಕೆ?

ಎರಡು ವರ್ಷದ ಹಿಂದೆ ನೀರಿಳಿದ ಬಯಲಿನಲ್ಲಿ ಮಗಳು ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ, "ಅಮ್ಮಾ, ಸ್ವಲ್ಪ ಹೊತ್ತು ಮಾತಾಡಬೇಡ, ಒಳಗೆ ಹೋಗಿಬಿಡುತ್ತವೆ" ಎಂದಳು. ಉಗುರಿನಷ್ಟೇ ದೊಡ್ಡ ಏಡಿಗಳು, ಒಂದು ಕೊಂಡಿ ಮಾತ್ರ ಮೈಯಷ್ಟೇ ದೊಡ್ಡದು. ಬಿಲದ ಬಾಯಲ್ಲಿ ನಿಂತು ಆ ಕೊಂಡಿಯನ್ನು ಎತ್ತಿ ಇಳಿಸುತ್ತಿದ್ದವು. ದೊಡ್ಡ ಕೊಂಡಿ ಕೆಲವಕ್ಕೆ ಎಡಕ್ಕಿದೆ, ಕೆಲವಕ್ಕೆ ಬಲಕ್ಕಿದೆ ಎಂದು ಅವಳು ಬೆರಳೆಣಿಸಿ ಪಿಸುಗುಟ್ಟಿದಳು. ಬಾಲ್ಯವೆಲ್ಲ ಆ ಏಡಿಗಳನ್ನು ತುಳಿದುಕೊಂಡೇ ಓಡಾಡಿದ ನಾನು ಅದನ್ನು ಗಮನಿಸಿರಲಿಲ್ಲ. ಮಗ ಇವತ್ತಿಗೂ ಕೆಸರಿಗೆ ಇಳಿಯುವುದಿಲ್ಲ. ದಂಡೆಯಲ್ಲಿ ನಿಂತು, ಉದುರಿದ ಕಾಂಡ್ಲಾ ಬೀಜಗಳನ್ನು ಆರಿಸಿ ಒಂದೊಂದನ್ನೇ ಮೊನೆ ಕೆಳಗಾಗಿ ನೆಡುತ್ತಾನೆ. ನಾನು ಈಗ ಇಬ್ಬರನ್ನೂ ಕರೆಯುವುದು ನೀರು ಏರುವ ಹೊತ್ತಿಗೆ ಮಾತ್ರ.

ಮುಂದಿನ ಬೇಸಿಗೆಗೆ ಟಿಕೆಟ್ ಯಾವ ದಿನಕ್ಕೆ ಎಂದು ಮೊನ್ನೆ ಮಗಳನ್ನು ಕೇಳಿದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆಯ ಚೌಕಕ್ಕೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ, "ಇದಕ್ಕಿಂತ ಎರಡು ದಿನ ಮೊದಲೇ ಅಲ್ಲಿರಬೇಕು" ಎಂದಳು.