ಎರಡು ಡ್ಯಾಕ್, ಹದಿನಾರು ಸುತ್ತು

ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ಗೆಳೆಯ ತನ್ನ ಡ್ಯಾಕನ್ನು, ಅಂದರೆ ಹಾಡು ಕೇಳಲು ಆಂಪ್ಲಿಫೈಯರಿಗೆ ಜೋಡಿಸುವ ಪೆಟ್ಟಿಗೆಯನ್ನು, ತಂದು ನಮ್ಮ ಮನೆಯಲ್ಲಿ ಇಳಿಸಿ ಹೋದ. "ಹತ್ತು ದಿನ ಇಟ್ಟುಕೊಂಡು ಕೇಳು. ಆಮೇಲೆ ನಿನ್ನದರ ಕಡೆ ತಿರುಗಿಯೂ ನೋಡುವುದಿಲ್ಲ" ಎಂದ. ಅದು ಜಂಬದ ಮಾತಲ್ಲ, ತಾನು ಕಂಡ ಸುಖ ನನಗೂ ಸಿಗಲಿ ಎಂಬ ಆಸೆ. ನನ್ನ ಡ್ಯಾಕ್ ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಅವನದನ್ನು ಎತ್ತಲು ಎರಡೂ ಕೈ ಬೇಕು. ಬೆಲೆಯಲ್ಲಿ ಇಪ್ಪತ್ತು ಪಟ್ಟು.

ಡ್ಯಾಕ್ ಮಾಡುವ ಕೆಲಸವನ್ನು ಹೇಳುವುದು ಸುಲಭ. ಸಿ.ಡಿ.ಯಲ್ಲಿ ಇರುವುದು ಅಂಕಿಗಳ ಸಾಲು: ಎಡಕ್ಕೂ ಬಲಕ್ಕೂ ಸೆಕೆಂಡಿಗೆ 44,100ರಂತೆ, ಒಂದೊಂದೂ 65,536 ಮಟ್ಟಗಳಲ್ಲಿ ಯಾವುದೋ ಒಂದು. ಆ ಅಂಕಿಗಳನ್ನು ಏರಿಳಿಯುವ ವೋಲ್ಟೇಜನ್ನಾಗಿ ಮಾಡಿ ಆಂಪ್ಲಿಫೈಯರಿಗೆ ಒಪ್ಪಿಸುವ ಪರಿವರ್ತಕವೇ ಡ್ಯಾಕ್. ಹಾಡುವವರ ಉಸಿರು, ತಂತಿಯ ಕಂಪನ ಎಲ್ಲವೂ ಆ ಬಾಗಿಲನ್ನು ದಾಟಿಯೇ ನಮ್ಮ ಕಿವಿಗೆ ಬರಬೇಕು. ಅದಕ್ಕೇ ಆ ಬಾಗಿಲು ಆದಷ್ಟು ಒಳ್ಳೆಯದಿರಲಿ ಎಂದು ಮನಸ್ಸು ಹಂಬಲಿಸುತ್ತದೆ.

ನನಗೆ ಹಂಬಲದ ಜೊತೆಗೆ ಒಂದು ದೂರೂ ಇತ್ತು. ಕಂಪ್ಯೂಟರಿನಿಂದ ಹಾಡು ಕೇಳುವಾಗ ಮೌಸ್ ಸರಿಸಿದರೆ ಸಾಕು, ಸ್ಪೀಕರಿನಲ್ಲಿ ಜೀರುಂಡೆಯಂಥ ಸಣ್ಣ ಸದ್ದು. ಹಾಡು ಜೋರಾಗಿದ್ದಾಗ ಅದು ಮುಚ್ಚಿಹೋಗುತ್ತಿತ್ತು. ಆದರೆ ತಂಬೂರಿಯೊಂದೇ ನುಡಿಯುತ್ತ, ದನಿ ಇನ್ನೂ ಹೊರಡದಿರುವ ಆ ಕೆಲವು ಕ್ಷಣಗಳಲ್ಲಿ ಚಿರ್ ಎಂದು ಬಂದು ಶ್ರುತಿಯನ್ನೇ ಕೆಡಿಸುತ್ತಿತ್ತು. ಅಗ್ಗದ ಡ್ಯಾಕ್ ಇಷ್ಟೇ ಎಂದುಕೊಂಡಿದ್ದೆ. ಒಳ್ಳೆಯದೊಂದನ್ನು ಕೊಳ್ಳಲು ಒಂದೂವರೆ ವರ್ಷದಿಂದ ಹಣ ಕೂಡಿಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಗೆಳೆಯನ ಡ್ಯಾಕನ್ನು ಅದೇ ಕಂಪ್ಯೂಟರಿಗೆ, ಅದೇ ಯುಎಸ್‌ಬಿ ಕೇಬಲ್ಲಿನಿಂದ ಸೇರಿಸಿದೆ. ಮೌಸ್ ಸರಿಸಿದೆ. ನಿಶ್ಶಬ್ದ. ನೂರು ಸಲ ಕೇಳಿದ ವೀಣೆಯ ಧ್ವನಿಮುದ್ರಣವನ್ನು ಹಾಕಿದೆ. ಮೀಟಿದ ಕ್ಷಣದಲ್ಲಿ ಉಗುರು ತಂತಿಗೆ ತಾಗುವ ಸದ್ದು ಹಿಂದೆಂದೂ ಅಷ್ಟು ಹತ್ತಿರ ಬಂದಿರಲಿಲ್ಲ. ಮಂದ್ರದ ತಂತಿಗೆ ತೂಕ ಬಂದಿತ್ತು. ನಾನು ಕುಳಿತಲ್ಲಿಂದ ಏಳಲಿಲ್ಲ. ಕಣ್ಣು ತುಂಬಿ ಬಂತು.

ಅಕ್ಕ ಒಳಗಿನಿಂದ ಬಂದು ಪಕ್ಕದಲ್ಲಿ ಕುಳಿತಳು. ಮೂರು ನಿಮಿಷ ಕೇಳಿ, "ಜೋರಾಗಿದೆ" ಎಂದಳು.

"ಜೋರಲ್ಲ ಅಕ್ಕ, ಸ್ಪಷ್ಟ."

"ಅಳೆದಿದ್ದೀಯಾ?"

ಅಕ್ಕನಿಗೆ ಪ್ರಯೋಗಾಲಯದಲ್ಲಿ ಕೆಲಸ. ಮಾದರಿಗಳ ಮೇಲೆ ಹೆಸರು ಬರೆಯದೆ ಬರೀ ಸಂಖ್ಯೆ ಬರೆದು, ಯಾವುದು ಯಾವುದೆಂದು ಪರೀಕ್ಷಿಸುವವರಿಗೇ ತಿಳಿಯದಂತೆ ಇಡುವುದು ಅವಳ ದಿನನಿತ್ಯದ ಅಭ್ಯಾಸ. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಲ್ಟಿಮೀಟರ್ ತಂದೆ. 100 ಹರ್ಟ್ಸ್‌ನ ಒಂದೇ ಸಮನಾದ ಸ್ವರವನ್ನು ಪೂರ್ಣ ಮಟ್ಟದಲ್ಲಿ ನುಡಿಸಿ ಎರಡರ ಹೊರದಾರಿಯನ್ನೂ ಅಳೆದೆವು. ಸಾಧಾರಣ ಮಲ್ಟಿಮೀಟರ್‌ಗಳು ಕಡಿಮೆ ಆವರ್ತನದಲ್ಲಿ ಮಾತ್ರ ಎಸಿ ವೋಲ್ಟೇಜನ್ನು ನೆಚ್ಚುವಂತೆ ತೋರಿಸುತ್ತವೆ, ಅದಕ್ಕೇ 100 ಹರ್ಟ್ಸ್. ನನ್ನದು 2.00 ವೋಲ್ಟ್. ಗೆಳೆಯನದು 2.52.

ಅದರ ಅರ್ಥ ಎರಡು ಡೆಸಿಬೆಲ್ ಅಂತರ. ಯಾರಾದರೂ ಸದ್ದಿನ ಗುಂಡಿಯನ್ನು ಕಣ್ಣೆದುರೇ ತಿರುಗಿಸಿದ್ದರೆ ಜೋರಾಯಿತು ಎನ್ನುತ್ತಿದ್ದೆ. ತಿರುಗಿಸಿದ್ದು ಗೊತ್ತಿಲ್ಲದಿದ್ದಾಗ ಅದೇ ಎರಡು ಡೆಸಿಬೆಲ್ ಕಿವಿಗೆ ಸ್ಪಷ್ಟತೆಯಾಗಿ, ತೂಕವಾಗಿ, ಹತ್ತಿರವಾಗಿ ಬರುತ್ತದೆ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿ ಮಂದ್ರವನ್ನು ಉಳಿದ ಸ್ವರಗಳಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ, ಸದ್ದು ಏರಿದಂತೆ ಅದು ಮರಳಿ ತುಂಬಿಕೊಳ್ಳುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ರೇಖೆಗಳಲ್ಲಿ ತೋರಿಸಿದ್ದರು. ವೀಣೆಯ ಮಂದ್ರಕ್ಕೆ ಬಂದ ತೂಕ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಗೆಳೆಯನ ಡ್ಯಾಕಿನಲ್ಲಿ ಸದ್ದನ್ನು ಅರ್ಧ ಡೆಸಿಬೆಲ್‌ನಂತೆ ಇಳಿಸಬಹುದು. ನಾಲ್ಕು ಹೆಜ್ಜೆ ಇಳಿಸಿದೆ, ಮೀಟರಿನಲ್ಲಿ 2.00 ಬಂತು. ಆಮೇಲೆ ಹಳೆಯ ಸಿ.ಡಿ. ಪ್ಲೇಯರನ್ನು ಹೊರತೆಗೆದೆವು. ಅಕ್ಕ ಪರದೆ ಕಟ್ಟಿ ಅದರ ಹಿಂದೆ ಕುಳಿತಳು. ಪ್ಲೇಯರಿನಿಂದ ಅಂಕಿಗಳನ್ನು ಒಯ್ಯುವ ಕೋಆಕ್ಸಿಯಲ್ ಕೇಬಲ್ಲನ್ನು, ಚಿಮ್ಮಿದ ನಾಣ್ಯ ಹೇಳಿದಂತೆ, ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಚುಚ್ಚುವುದು ಅವಳ ಕೆಲಸ. ಯಾವುದು ನುಡಿಯುತ್ತಿದೆ ಎಂದು ಹೇಳುವುದು ನನ್ನದು.

ಎಂಟು ಸುತ್ತು. ಎಂಟೂ ಸರಿ.

ಬರೀ ಊಹೆಯಿಂದ ಎಂಟಕ್ಕೆ ಎಂಟು ಬರುವುದು 256ರಲ್ಲಿ ಒಂದು ಸಲ. ನನ್ನ ಕಿವಿ ಸುಳ್ಳಾಡಿರಲಿಲ್ಲ, ಗೆಳೆಯನ ಮಾತೂ ನಿಜ. ಹಣ ಇನ್ನೆಷ್ಟು ಬೇಕೆಂದು ಆಗಲೇ ಮನಸ್ಸು ಲೆಕ್ಕ ಹಾಕತೊಡಗಿತ್ತು. ಅಕ್ಕ ಪರದೆಯ ಹಿಂದಿನಿಂದ ಎದ್ದು ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡು ಶುರುವಾಗುವ ಮುಂಚೆಯೇ ಹೇಳುತ್ತಿದ್ದೆ ನೀನು" ಎಂದಳು. ಕೇಬಲ್ಲನ್ನು ದೊಡ್ಡ ಪೆಟ್ಟಿಗೆಗೆ ಚುಚ್ಚಿದಳು. ಒಳಗೆ ಟಿಕ್ ಎಂದಿತು. ಕಿತ್ತು ಮತ್ತೆ ಚುಚ್ಚಿದಳು. ಟಿಕ್. ಅಂಕಿಗಳು ಸರಿಯಾಗಿ ಬರತೊಡಗಿದವೆಂದು ಖಚಿತವಾಗುವ ತನಕ ಹೊರದಾರಿಯನ್ನು ಮುಚ್ಚಿಡುವ ರಿಲೇ ಎಂಬ ಸ್ವಿಚ್ಚು ಅದು. ಸ್ಪೀಕರಿಗೆ ಕರ್ಕಶ ಸದ್ದು ಹೋಗದಂತೆ ತಡೆಯುವ ಒಳ್ಳೆಯ ಏರ್ಪಾಡು. ನನ್ನ ಚಿಕ್ಕ ಡ್ಯಾಕಿನಲ್ಲಿ ಅದಿಲ್ಲ. ಆ ಟಿಕ್ಕನ್ನು ಕೇಳಿದೆನೆಂದು ನನಗೇ ತಿಳಿದಿರಲಿಲ್ಲ. ದೇವರಾಣೆಗೂ ವೀಣೆಯನ್ನೇ ಕೇಳಿ ಹೇಳುತ್ತಿದ್ದೇನೆಂದು ನಂಬಿದ್ದೆ. ಆ ದಿನದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಇದು. ನಾದದಲ್ಲಿ ಕಂಡೆನೆಂದುಕೊಂಡ ಹೊಳಪಿನ ಮೂಲ ನಾದದ ಹೊರಗೆ ಇತ್ತು, ಮತ್ತು ಒಳಗಿನಿಂದ ನೋಡಿದರೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಊಟವಾದ ಮೇಲೆ ಏರ್ಪಾಡು ಬದಲಿಸಿದೆವು. ಸಿ.ಡಿ. ಪ್ಲೇಯರಿನ ಕೋಆಕ್ಸಿಯಲ್ ದಾರಿಯನ್ನು ದೊಡ್ಡದಕ್ಕೆ, ಆಪ್ಟಿಕಲ್ ದಾರಿಯನ್ನು ಚಿಕ್ಕದಕ್ಕೆ ಕೊಟ್ಟು ಎರಡೂ ಸದಾ ನುಡಿಯುತ್ತಲೇ ಇರುವಂತೆ ಮಾಡಿದೆವು. ಚಿಕ್ಕದಕ್ಕೆ ವಿದ್ಯುತ್ತು ಮೊಬೈಲ್ ಚಾರ್ಜರಿನಿಂದ. ಬದಲಾವಣೆ ಇನ್ನು ಆಂಪ್ಲಿಫೈಯರಿನಲ್ಲಿ ಮಾತ್ರ. ಪ್ರತಿ ಸುತ್ತಿಗೂ ಅಕ್ಕ ಮೊದಲು ಖಾಲಿ ಇನ್‌ಪುಟ್ಟಿಗೆ ಹೋಗಿ ಆಮೇಲೆ ಬೇಕಾದುದಕ್ಕೆ ಬರುತ್ತಿದ್ದಳು. ಹಾಗಾಗಿ ಕೇಳಿಸುವ ಟಿಕ್ ಎರಡಕ್ಕೂ ಒಂದೇ. ಯಾವುದು ಯಾವುದೆಂದು ಹೇಳಿ ಎರಡನ್ನೂ ಎಷ್ಟು ಸಲ ಬೇಕಾದರೂ ಕೇಳಿಸುತ್ತಿದ್ದಳು. ಆಮೇಲೆ ನಾಣ್ಯ ಚಿಮ್ಮಿ, ಹೆಸರು ಹೇಳದೆ ಒಂದನ್ನು ಕೇಳಿಸುತ್ತಿದ್ದಳು. ಅವಳು ಒಂದು ಹಾಳೆಯಲ್ಲಿ, ನಾನು ಇನ್ನೊಂದರಲ್ಲಿ ಬರೆಯಬೇಕು. ಹದಿನಾರು ಮುಗಿಯುವ ತನಕ ಯಾರೂ ಬಾಯಿ ಬಿಡುವಂತಿಲ್ಲ.

ಐದನೆಯ ಸುತ್ತಿನಲ್ಲಿ ಹಾಡುಗಾರ್ತಿಯ "ಸ"ಕಾರ ಎಳ್ಳಷ್ಟೂ ಚುಚ್ಚದೆ ರೇಷ್ಮೆಯಂತೆ ಜಾರಿತು. ಇದು ದೊಡ್ಡದೇ ಎಂದು ಒತ್ತಿ ಬರೆದೆ. ಹನ್ನೊಂದನೆಯದರಲ್ಲಿ ತಾಳದ ಸದ್ದು ತೆಳುವಾಗಿ ಕೇಳಿ, ಇದು ಚಿಕ್ಕದು ಎಂದೆ. ಉಳಿದವುಗಳಲ್ಲಿ ಕತ್ತಲಲ್ಲಿ ಗೋಡೆ ತಡಕಿದ ಹಾಗಾಯಿತು. ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಹದಿನಾರರಲ್ಲಿ ಒಂಬತ್ತು ಸರಿ. ರೇಷ್ಮೆಯ "ಸ"ಕಾರ ಬಂದದ್ದು ಚಿಕ್ಕ ಡ್ಯಾಕಿನಿಂದ. ತೆಳು ತಾಳ ದೊಡ್ಡದರಿಂದ.

ಹದಿನಾರು ನಾಣ್ಯ ಬೀಳಬಹುದಾದ ರೀತಿಗಳು 65,536, ಸಿ.ಡಿ.ಯ ಮಟ್ಟಗಳಷ್ಟೇ, ಎರಡನ್ನು ಹದಿನಾರು ಸಲ ಗುಣಿಸಿದರೆ ಬರುವ ಸಂಖ್ಯೆಯೇ ಅದು. ಅದರಲ್ಲಿ ಹನ್ನೆರಡೋ ಅದಕ್ಕೂ ಹೆಚ್ಚೋ ಸರಿ ಬರುವ ರೀತಿಗಳು 2,517, ಅಂದರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅಷ್ಟು ಬಂದರೆ ಕಿವಿ ಏನನ್ನೋ ಹಿಡಿಯಿತೆಂದು ಒಪ್ಪಬಹುದಿತ್ತು. ಒಂಬತ್ತು ಸರಿ ಎಂದರೆ ಊಹೆಯ ಲೆಕ್ಕವೇ.

ಅಂಕಿಯನ್ನು ವೋಲ್ಟೇಜ್ ಮಾಡುವುದು ಒಂದು ಕಾಲದಲ್ಲಿ ನಿಜವಾಗಿ ಕಷ್ಟದ ಕೆಲಸವಾಗಿತ್ತು. 1982ರಲ್ಲಿ ಬಂದ ಸೋನಿಯ ಮೊದಲ ಸಿ.ಡಿ. ಪ್ಲೇಯರಿನಲ್ಲಿ ಇದ್ದದ್ದು ಒಂದೇ ಪರಿವರ್ತಕ. ಎಡಬಲಗಳೆರಡೂ ಸರದಿಯಲ್ಲಿ ಅದನ್ನೇ ಬಳಸುತ್ತಿದ್ದವು. ಫಿಲಿಪ್ಸ್ ತನ್ನ ಮೊದಲ ಪ್ಲೇಯರಿನಲ್ಲಿ 14 ಬಿಟ್‌ನ, ಅಂದರೆ ಇನ್ನೂ ಕಡಿಮೆ ಮಟ್ಟಗಳ ಪರಿವರ್ತಕವನ್ನೇ ಹಾಕಿ, ಅಂಕಿಗಳನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ ಸಿ.ಡಿ.ಯ 16 ಬಿಟ್‌ನ ಗುಣವನ್ನು ಪಡೆಯಿತು. ಅಷ್ಟು ಒದ್ದಾಡಿ ಗೆದ್ದ ಕೆಲಸವನ್ನು ಇಂದು ಉಗುರಿನಷ್ಟು ದೊಡ್ಡ ಚಿಪ್ ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. ನನ್ನ ಚಿಕ್ಕ ಪೆಟ್ಟಿಗೆಯ ಮೇಲೆ ಆ ಸಂಜೆ ನನಗೆ ಹುಟ್ಟಿದ್ದು ಗೌರವ.

ಹಾಗಾದರೆ ಜೀರುಂಡೆ? ಇಡೀ ಮಧ್ಯಾಹ್ನ ಚಿಕ್ಕ ಡ್ಯಾಕಿನಿಂದ ಆ ಸದ್ದು ಒಮ್ಮೆಯೂ ಬಂದಿರಲಿಲ್ಲ. ಪರಿವರ್ತಕದ್ದೇ ದೋಷವಾಗಿದ್ದರೆ ಬರಲೇಬೇಕಿತ್ತು. ಕಂಪ್ಯೂಟರಿನ ಗದ್ದಲ ಯುಎಸ್‌ಬಿ ಕೇಬಲ್ಲಿನ ಗ್ರೌಂಡ್ ತಂತಿಯ ಮೂಲಕ ಡ್ಯಾಕನ್ನು ಹೊಕ್ಕು ಆಂಪ್ಲಿಫೈಯರಿಗೆ ಹರಿಯುತ್ತಿತ್ತು. ಗೆಳೆಯನ ಡ್ಯಾಕಿನಲ್ಲಿ ಯುಎಸ್‌ಬಿ ಭಾಗಕ್ಕೂ ಉಳಿದ ಸರ್ಕ್ಯೂಟಿಗೂ ವಿದ್ಯುತ್ ಸಂಪರ್ಕವಿಲ್ಲದಂತೆ ಬೇರ್ಪಡಿಸಿದ್ದಾರೆ. ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಆಪ್ಟಿಕಲ್ ಕೇಬಲ್ಲಿನಲ್ಲಿ ಓಡುವುದು ಬೆಳಕು, ಅಲ್ಲಿ ಗ್ರೌಂಡ್ ತಂತಿಯೇ ಇಲ್ಲ. ನನ್ನ ಕಂಪ್ಯೂಟರಿನ ಹಿಂಬದಿಯಲ್ಲಿ ಅಂಥದೊಂದು ಕಿಂಡಿ ಇತ್ತು. ಅದರ ಕಪ್ಪು ಮುಚ್ಚಳವನ್ನು ಕೊಂಡ ದಿನದಿಂದ ತೆಗೆದಿರಲಿಲ್ಲ. ತೆಗೆದಾಗ ಒಳಗೆ ಕೆಂಪು ಬೆಳಕು ಹೊತ್ತಿಕೊಂಡೇ ಇತ್ತು. ಕೇಬಲ್ ಚುಚ್ಚಿ ಮೌಸ್ ಸರಿಸಿದೆ. ತಂಬೂರಿ ಮಾತ್ರ ಕೇಳಿತು.

ಒಂದೇ ಒಂದು ಕಡೆ ಎರಡು ಪೆಟ್ಟಿಗೆಗಳು ಖಂಡಿತವಾಗಿ ಬೇರೆಯಾದವು. ರಾತ್ರಿ ಇಯರ್‌ಫೋನ್ ಹಾಕಿಕೊಂಡು ನೋಡಿದಾಗ, ಸದ್ದನ್ನು ಎಷ್ಟು ಸರಿದೂಗಿಸಿದರೂ ಚಿಕ್ಕದರಲ್ಲಿ ತಾರಸ್ವರಗಳು ಮಂಕಾಗಿದ್ದವು. ಅಕ್ಕ ಎಂಟು ಸಲ ಕೇಳಿಸಿದಳು, ಎಂಟನ್ನೂ ಹೇಳಿದೆ, ಈ ಬಾರಿ ಟಿಕ್ ಇರಲಿಲ್ಲ. ಕೈಪಿಡಿಯಲ್ಲಿ ಕಾರಣ ಸಿಕ್ಕಿತು: ಚಿಕ್ಕದರ ಹೆಡ್‌ಫೋನ್ ಹೊರದಾರಿಯ ಪ್ರತಿರೋಧ 10 ಓಮ್, ದೊಡ್ಡದರದು ಒಂದಕ್ಕಿಂತ ಕಡಿಮೆ. ಕೆಲವು ಇಯರ್‌ಫೋನ್‌ಗಳ ಪ್ರತಿರೋಧ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಒಂದು ಕಡೆ 32 ಓಮ್ ಇದ್ದದ್ದು ಇನ್ನೊಂದು ಕಡೆ 8ಕ್ಕೆ ಇಳಿದರೆ, ಆ ಹತ್ತು ಓಮ್ ನಡುವೆ ಕುಳಿತು ಎರಡರ ಸಮತೋಲವನ್ನು ನಾಲ್ಕೂವರೆ ಡೆಸಿಬೆಲ್‌ಗೂ ಮಿಕ್ಕಿ ಕೆಡಿಸುತ್ತದೆ. ರಾತ್ರಿ ಕೇಳುವುದಕ್ಕೆಂದು ಕಡಿಮೆ ಪ್ರತಿರೋಧದ ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರ್ ಒಂದನ್ನು ಗುರುತು ಹಾಕಿಕೊಂಡೆ. ಕೂಡಿಟ್ಟ ಹಣದಲ್ಲಿ ಅದಕ್ಕೆ ಹೋಗುವುದು ಸಣ್ಣ ಪಾಲು.

ಹತ್ತನೆಯ ದಿನ ಗೆಳೆಯ ಬಂದ. "ಹೇಗಿತ್ತು?" ಎಂದ. ಎರಡೂ ಹಾಳೆಗಳನ್ನು ಅವನ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ, ಟಿಕ್ ಎಂದ ಎಂಟು ಸುತ್ತುಗಳನ್ನೂ ಬಿಡದೆ. ನೊಂದುಕೊಳ್ಳುತ್ತಾನೇನೋ ಎಂಬ ಅಳುಕಿತ್ತು. ಅವನು ಹಾಳೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ, "ನನ್ನ ಸ್ಪೀಕರ್‌ಗಳು ಕೋಣೆಯ ಆ ತುದಿಯಲ್ಲಿವೆ. ಅಷ್ಟುದ್ದದ ಕೇಬಲ್ಲಿಗೆ, ನಡುವೆ ಸೇರುವ ಗದ್ದಲವನ್ನು ಕಳೆಯುವ ಇದರ ಬ್ಯಾಲೆನ್ಸ್ಡ್ ಹೊರದಾರಿ ಬೇಕೇಬೇಕು. ನಾನು ಇದನ್ನು ಬಿಡುವುದಿಲ್ಲ" ಎಂದ. ಅದು ಸರಿಯಾದ ಕಾರಣವೆಂದು ನಾನೂ ಹೇಳಿದೆ.

ಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲ ತನಕ ಹೋದವನು ಅಲ್ಲೇ ನಿಂತ. ಒಳಗಿದ್ದ ಅಕ್ಕನ ಕಡೆ ತಿರುಗಿ, "ಅಕ್ಕಾ, ನಿಮಗೆ ಇನ್ನೊಂದು ಗಂಟೆ ಬಿಡುವಿದೆಯೇ?" ಎಂದ. ಅಕ್ಕ ಪರದೆಯನ್ನು ಹುಡುಕಲು ಹೋದಳು. ನಾನು ಮಲ್ಟಿಮೀಟರ್ ತೆಗೆದೆ.