ಎರಡು ತಂತಿ ಕಡಿಮೆ

"ನಿನ್ನ ಆಟ ಸತ್ತಿತು ಮಾರಾಯ" ಎಂದು ದೊಡ್ಡಮ್ಮ ಫೋನ್ ಮಾಡಿದಾಗ ಬೆಳಿಗ್ಗೆ ಏಳೂವರೆ. ತುಳುವರ ಮಳೆಗಾಲದ ತಿಂಗಳು ಆಟಿ ಹಿಡಿದು ನಾಲ್ಕು ದಿನವಾಗಿತ್ತು. ರಾತ್ರಿ ಎರಡು ಗಂಟೆಗೆ ಎಲ್ಲಿಯೋ ಮರ ಬಿದ್ದು ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಇನ್ವರ್ಟರ್ ಐದು ಗಂಟೆಯಿಂದ ಕೂಗಿ ಕೂಗಿ ತಾನೂ ಸುಮ್ಮನಾಗಿತ್ತು.

"ಸತ್ತಿತು ಎಂದರೆ ಏನಾಯಿತು?"

"ಮಣೆ ಕಾಣಿಸಿತು ಎನ್ನುವಷ್ಟರಲ್ಲಿ ಮಾಯ. ಮೂರು ಸಲ ನೋಡಿದೆ. ತೆಗೆದು ಹಾಕಲೇ ಇದನ್ನು?"

"ಬೇಡ ಬೇಡ, ಏನೂ ಮುಟ್ಟಬೇಡ, ನಾನೇ ಬರುತ್ತೇನೆ" ಎಂದೆ. ನನ್ನ ಗಾಬರಿಗೆ ಕಾರಣವಿತ್ತು. ನಾನು ಮಾಡಿದ ಮೊಬೈಲ್ ಆಟ ಇನ್ನೂ ಪರೀಕ್ಷೆಯಲ್ಲಿತ್ತು. ಗೂಗಲ್ ಪ್ಲೇಯಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ತಮ್ಮ ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಮಂದಿಯ ಕೈಯಲ್ಲಿ, ಎಡೆಬಿಡದೆ 14 ದಿನ ಪರೀಕ್ಷೆ ಮಾಡಿಸಬೇಕು. ಮೊದಲು 20 ಮಂದಿ ಬೇಕಿತ್ತು, 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಸಿದರು. ಹನ್ನೆರಡಾದರೂ ಸುಲಭವಲ್ಲ. ತಂಗಿ, ಭಾವ, ಭಾವನ ತಮ್ಮ, ಬೆಂಗಳೂರಿನ ನಾಲ್ಕು ಹಳೆಯ ಗೆಳೆಯರು, ಅಡಿಕೆ ಒಯ್ಯಲು ಬರುವ ಪಿಕಪ್ಪಿನ ಹುಡುಗ, ಹೀಗೆ ಒಬ್ಬೊಬ್ಬರ ಕಾಲು ಹಿಡಿದು ಪಟ್ಟಿ ತುಂಬಿಸಿದ್ದೆ. ಹನ್ನೆರಡನೆಯ ಹೆಸರು ದೊಡ್ಡಮ್ಮನದು. ಅವಳು ಬೇಸತ್ತು ಹೊರಗೆ ಬಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ, ಅಷ್ಟರಲ್ಲಿ ಆಟಿ ಮುಗಿದಿರುತ್ತದೆ. ನನ್ನ ಆಟಕ್ಕೆ ಆಟಿ ಮುಗಿಯುವಂತಿರಲಿಲ್ಲ. ಅದು ಚೆನ್ನೆಮಣೆ.

ಬೇರೆ ಕಡೆ ಅಳಗುಳಿಮಣೆ ಎನ್ನುವುದನ್ನೇ ನಮ್ಮ ಕಡೆ ಚೆನ್ನೆಮಣೆ ಎನ್ನುತ್ತಾರೆ. ಎದುರುಬದುರು ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯದನ್ನು ಬಾಚಿ ಒಂದೊಂದಾಗಿ ಬಿತ್ತುತ್ತಾ ಹೋಗುವುದು. ಕೈ ಖಾಲಿಯಾದಾಗ ಮುಂದಿನ ಗುಳಿಯೂ ಖಾಲಿಯಿದ್ದರೆ ಅದರ ಆಚೆಯದು ಗೆದ್ದಂತೆ. ಆಟಿಯ ಮಳೆಯಲ್ಲಿ ಕೆಲಸವಿಲ್ಲದಾಗ ಆಡುವುದು, ಉಳಿದ ದಿನಗಳಲ್ಲಿ ಮಣೆಯನ್ನು ಮುಟ್ಟಬಾರದು ಎಂದು ಹಿರಿಯರ ಕಟ್ಟಳೆ. ಇಡೀ ವರ್ಷದಲ್ಲಿ ಒಂದೇ ತಿಂಗಳು ಮಾರುಕಟ್ಟೆಯಿರುವ ಸರಕನ್ನು ಆರಿಸಿಕೊಂಡ ನನ್ನ ವ್ಯಾಪಾರ ಬುದ್ಧಿಯನ್ನು ಭಾವ ಆಗಾಗ ಹೊಗಳುತ್ತಿರುತ್ತಾನೆ.

ಬೆಂಗಳೂರಿನ ಕೆಲಸ ಬಿಟ್ಟು ಪುತ್ತೂರಿನ ಹತ್ತಿರದ ನಮ್ಮ ಮನೆಗೆ ಬಂದು ಆರು ವರ್ಷವಾಯಿತು. "ಈಗ ಏನು ಮಾಡುತ್ತಿದ್ದೀ?" ಎಂದು ಕೇಳಿದವರಿಗೆ "ಆಟ ಮಾಡುತ್ತೇನೆ" ಎಂದರೆ ಅವರ ಕಿವಿಗೆ "ಆಟ ಆಡುತ್ತೇನೆ" ಎಂದೇ ಬೀಳುತ್ತದೆ. ಅಮ್ಮ ಮದುವೆಮನೆಗಳಲ್ಲಿ "ಮನೆಯಿಂದಲೇ ಕಂಪ್ಯೂಟರ್ ಕೆಲಸ" ಎಂದು ಹೇಳಿ ಪಾಯಸದ ಮಾತು ತೆಗೆಯುತ್ತಾಳೆ. ಮೊದಲ ಆಟವನ್ನು ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಇಟ್ಟಿದ್ದೆ. ಅಲ್ಲಿ ಆಟವೊಂದಕ್ಕೆ 100 ಡಾಲರ್ ಕಟ್ಟಬೇಕು, ಮಾರಾಟ 1000 ಡಾಲರ್ ಮುಟ್ಟಿದ ಮೇಲೆ ಅದು ನಮಗೆ ವಾಪಸ್. ನನ್ನ ನೂರು ಡಾಲರ್ ಇನ್ನೂ ಅಲ್ಲಿಯೇ ಇದೆ. ಹೊಟ್ಟೆಪಾಡಿಗೆ ಬೇರೆಯವರ ಆಟಗಳ ಬಿಡಿ ಕೆಲಸ ಮತ್ತು ಅಡಿಕೆ.

ಲ್ಯಾಪ್‌ಟಾಪಿನಲ್ಲಿ ನೂರಕ್ಕೆ 61ರಷ್ಟು ಚಾರ್ಜ್ ತೋರಿಸುತ್ತಿತ್ತು. ಅದರಲ್ಲಿ ನಂಬಬಹುದಾದದ್ದು ಅರ್ಧ ಮಾತ್ರ. 30ಕ್ಕೆ ಇಳಿದ ಮೇಲೆ ಯಾವ ಕ್ಷಣದಲ್ಲಾದರೂ ಹೇಳದೆ ಕೇಳದೆ ಮಲಗುವ ಯಂತ್ರ ಅದು. ಅದನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೈಗೆ ಸಿಕ್ಕಿದ ಎರಡು ವೈರುಗಳನ್ನು ಜೇಬಿಗೆ ತುರುಕಿ, ಕೊಡೆ ಹಿಡಿದು ಹೊರಟೆ. ದೊಡ್ಡಮ್ಮನ ಮನೆ ತೋಡಿನ ಆಚೆ. ತೋಡು ದಾಟುವ ಸಂಕದ ಮೇಲೆ ನೀರು ಹತ್ತಿರಲಿಲ್ಲ, ಅಷ್ಟೇ ಪುಣ್ಯ. "ಮಳೆ ಬಿಟ್ಟರೆ ಔಷಧಿ ಬಿಡುವವರು ಬರುತ್ತಾರೆ, ಹತ್ತು ಗಂಟೆಯೊಳಗೆ ಬಾ" ಎಂದು ಅಮ್ಮ ಹಿಂದಿನಿಂದ ಕೂಗಿದಳು. ಅಡಿಕೆಯ ಕೊಳೆರೋಗಕ್ಕೆ ನನ್ನ ಹನ್ನೆರಡು ಮಂದಿಯ ಲೆಕ್ಕ ಗೊತ್ತಿಲ್ಲವಲ್ಲ.

ನನ್ನ ಬಳಿ ಹನ್ನೊಂದು ಹಳೆಯ ಫೋನುಗಳಿವೆ. ಯಾರು ಹೊಸ ಫೋನ್ ತೆಗೆದುಕೊಂಡರೂ ಹಳೆಯದನ್ನು ನಾಚಿಕೆಯಿಲ್ಲದೆ ಕೇಳಿ ತರುತ್ತೇನೆ. ಗಾಜು ಒಡೆದದ್ದು, ಹೊಟ್ಟೆ ಉಬ್ಬಿದ ಬ್ಯಾಟರಿಯದು, ಮಾತು ಕೇಳಿಸದ್ದು. ಆಟ ಮಾಡುವವನಿಗೆ ಹೊಸ ಫೋನಿಗಿಂತ ಇವೇ ದೊಡ್ಡ ಆಸ್ತಿ, ಹೊಸದರಲ್ಲಿ ಎಂಥ ಕೆಟ್ಟ ಕೆಲಸವೂ ಓಡುತ್ತದೆ. ಒಂದು ಮಳೆಗಾಲದಲ್ಲಿ ಅಮ್ಮ ಅವುಗಳಿಗೆ ಬೂಷ್ಟು ಹಿಡಿಯಬಾರದೆಂದು ಡಬ್ಬವನ್ನೇ ಒಯ್ದು ಬಚ್ಚಲೊಲೆಯ ಮೇಲಿನ ಗೂಡಿನಲ್ಲಿ, ಹಪ್ಪಳದ ಪಕ್ಕ ಇಟ್ಟಿದ್ದಳು. ಎರಡು ಬ್ಯಾಟರಿ ಉಬ್ಬಿದ್ದು ಆಗಲೇ. ಆದರೆ ದೊಡ್ಡಮ್ಮನ ಫೋನಿನಂಥದ್ದು ಈ ಸಂಗ್ರಹದಲ್ಲಿರಲಿಲ್ಲ. 2018ರದ್ದು, ಆಂಡ್ರಾಯ್ಡ್ 8, ರ್‍ಯಾಮ್ ಬರೀ 1 ಜಿಬಿ. ಕೊಟ್ಟ ಮಗನಿಗೇ ಅದರ ನೆನಪಿಲ್ಲ, ಅವಳು ಮಾತ್ರ ಅದಕ್ಕೊಂದು ಬಟ್ಟೆಯ ಚೀಲ ಹೊಲಿದು ಕಾಪಾಡಿಕೊಂಡು ಬಂದಿದ್ದಾಳೆ.

ಆಟ ಯಾಕೆ ಸಾಯುತ್ತದೆ ಎಂದು ಫೋನು ತನ್ನೊಳಗೆ ಬರೆದುಕೊಳ್ಳುತ್ತಿರುತ್ತದೆ. ಅದನ್ನು ಓದಬೇಕಾದರೆ ಡೆವಲಪರ್ ಆಯ್ಕೆಗಳನ್ನು ತೆರೆಯಬೇಕು, ಅದಕ್ಕೆ ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು ಏಳು ಸಲ ಒತ್ತಬೇಕು. ದೊಡ್ಡಮ್ಮ ಮುಂದೆ ಕುಳಿತು ಎಣಿಸುತ್ತಿದ್ದಳು.

"ಏಳೇ ಸಲ ಯಾಕೆ?"

"ಹಾಗೆ ಮಾಡಿಟ್ಟಿದ್ದಾರೆ."

"ಒಂದು ಬದಿಯ ಗುಳಿಯಷ್ಟು" ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಇನ್ನು ವೈರು ಚುಚ್ಚಿದರಾಯಿತು ಎಂದುಕೊಂಡೆ. ಚುಚ್ಚಿದೆ. ಫೋನು ಚಾರ್ಜ್ ಆಗತೊಡಗಿತು. ಅಂದರೆ ಸಾಯುತ್ತಿದ್ದ ನನ್ನ ಲ್ಯಾಪ್‌ಟಾಪಿನ ರಕ್ತವನ್ನು ಹೀರತೊಡಗಿತು. ಆದರೆ ಲ್ಯಾಪ್‌ಟಾಪಿಗೆ ಮಾತ್ರ ಅಲ್ಲೊಂದು ಫೋನಿದೆ ಎಂಬುದೇ ಗೊತ್ತಾಗಲಿಲ್ಲ. ಎರಡನೆಯ ವೈರು ಚುಚ್ಚಿದೆ. ಅದೇ ಕತೆ.

ಸಣ್ಣ ಪಿನ್ನಿನ ಆ ವೈರಿನೊಳಗೆ ನಾಲ್ಕು ತಂತಿ ಇರಬೇಕು. ಎರಡು ಕರೆಂಟಿಗೆ, ಎರಡು ಮಾತಿಗೆ. ಅಗ್ಗದ ವೈರು ಮಾಡುವವರು ತಾಮ್ರ ಉಳಿಸಲು ಮಾತಿನ ಎರಡು ತಂತಿಯನ್ನು ಹಾಕುವುದೇ ಇಲ್ಲ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಚಾರ್ಜ್ ಚೆನ್ನಾಗಿಯೇ ಆಗುತ್ತದೆ, ಮುಕ್ಕಾಲು ಪಾಲು ಜನರಿಗೆ ಜೀವಮಾನದಲ್ಲಿ ಅಷ್ಟೇ ಸಾಕು. ನನ್ನ ಮೇಜಿನ ಖಾನೆಯಲ್ಲಿ ಇಂಥವು ಹಾವಿನ ಮರಿಗಳಂತೆ ತೆಕ್ಕೆ ಹಾಕಿಕೊಂಡು ಬಿದ್ದಿವೆ. ಮಾತನಾಡುವ ವೈರುಗಳಿಗೆ ಕೆಂಪು ದಾರ ಕಟ್ಟಿಟ್ಟಿದ್ದೆ, ಅವಸರದಲ್ಲಿ ತಂದದ್ದು ಕಟ್ಟದೆ ಇದ್ದವುಗಳನ್ನು. ವೈರೇ ಇಲ್ಲದೆ ಜೋಡಿಸುವ ದಾರಿ ಇದೆ, ಆದರೆ ಅದು ಆಂಡ್ರಾಯ್ಡ್ 11ರಿಂದ ಮುಂದಿನವಕ್ಕೆ. ಹಳೆಯದಕ್ಕೂ ಹಾಗೆ ಮಾಡಬಹುದು, ಮೊದಲೊಂದು ಸಲ ವೈರಿನಲ್ಲಿ ಜೋಡಿಸಿದ ಮೇಲೆ!

ಮನೆಗೆ ಓಡಿ ಕೆಂಪು ದಾರದ್ದನ್ನು ತರಬಹುದಿತ್ತು. ಮಳೆ ಆಗ ಸೂರಿನಿಂದ ಕಂಬದಂತೆ ಇಳಿಯುತ್ತಿತ್ತು. ದೊಡ್ಡಮ್ಮನ ಚಾರ್ಜರಿನ ವೈರು ಕೇಳಿದೆ, ಅದೂ ಮೂಕವೇ. ಮೊಮ್ಮಗ ಬಿಟ್ಟುಹೋದ ಮಾತನಾಡುವ ಗೊಂಬೆಯದು, ಗೊಂಬೆ ಮಾತನಾಡುತ್ತದೆ, ವೈರು ಮಾತನಾಡುವುದಿಲ್ಲ. ರೀಚಾರ್ಜ್ ಟಾರ್ಚಿನದೂ ಮೂಕ, ಸೊಳ್ಳೆ ಬ್ಯಾಟಿನದು ಪಿನ್ನೇ ಬೇರೆ. ಐದು ವೈರು ಮುಗಿಯುವ ಹೊತ್ತಿಗೆ ಲ್ಯಾಪ್‌ಟಾಪ್ 48ಕ್ಕೆ ಇಳಿದಿತ್ತು. ಫೋನಿನ ಜೊತೆ ಡಬ್ಬದಲ್ಲಿ ಬಂದದ್ದು ಎಲ್ಲಿ ಎಂದು ಕೇಳಿದೆ.

"ಅದು ಗಿಡ್ಡ ಮಾರಾಯ, ಕುರ್ಚಿಗೆ ಎಟಕುವುದಿಲ್ಲ. ಬಿಸಾಡಿರಬೇಕು" ಎಂದಳು. ಬಿಸಾಡುವ ಜಾತಿಯವಳಲ್ಲ ಎಂದು ನನಗೆ ಗೊತ್ತು. "ಆಟ ಸರಿಯಾಗುವವರೆಗೆ ನಿಜವಾದದ್ದಾದರೂ ಆಡೋಣ, ಸಾಂತಾಣಿ ತಿನ್ನುತ್ತಿರು" ಎಂದು ಬೇಯಿಸಿ ಒಣಗಿಸಿದ ಹಲಸಿನ ಬೀಜದ ತಟ್ಟೆ ಮುಂದಿಟ್ಟು, ಅಟ್ಟ ಹತ್ತಿ ಚೆನ್ನೆಮಣೆ ಇಳಿಸಿದಳು. ಹಲಸಿನ ಮರದ್ದು, ಅವಳ ಅತ್ತೆಯ ಕಾಲದ್ದು. ಹಿಂದೆಯೇ ಕಾಯಿಗಳ ಬಟ್ಟೆ ಚೀಲ ಬಂತು. ಚೀಲದ ಬಾಯಿಗೆ ಮೂರು ಸುತ್ತು ಬಿಗಿದು ಗಂಟು ಹಾಕಿದ್ದ ಬಿಳಿಯ ಗಿಡ್ಡ ವೈರು.

ನಾನು ಗಂಟು ಬಿಚ್ಚಿದ ರಭಸಕ್ಕೆ ಮಂಜೊಟ್ಟಿ ಕಾಯಿಗಳು ಕೆಂಪಗೆ ಇಡೀ ಜಗಲಿಗೆ ಉರುಳಿದವು. ಅವಳು ಬೈಯುತ್ತಾ ಹೆಕ್ಕುತ್ತಿದ್ದಾಗ ಫೋನಿನ ಪರದೆಯ ಮೇಲೆ, ಈ ಕಂಪ್ಯೂಟರನ್ನು ನಂಬಬಹುದೇ ಎಂಬ ಪ್ರಶ್ನೆ ಮೂಡಿತು. ಆರನೆಯ ವೈರು ಮಾತನಾಡಿತ್ತು.

ದಾಖಲೆಯ ಸಾಲುಗಳು ಸುರಿದವು. ನಡುವೆ ಬೇಕಾದದ್ದು ಒಂದೇ ಸಾಲು: ರ್‍ಯಾಮಿನಲ್ಲಿ ಜಾಗ ಸಾಲದೆ ಆಂಡ್ರಾಯ್ಡೇ ನನ್ನ ಆಟದ ಕತ್ತು ಹಿಸುಕಿತ್ತು. ಹದಿನಾಲ್ಕು ಗುಳಿ, ಐವತ್ತಾರು ಕಾಯಿಯ ಆಟಕ್ಕೆ ಜಾಗ ಸಾಲದೆಂದರೆ ಏನರ್ಥ? ನಾನು ಬಳಸುವುದು ಗೊಡೋ ಎಂಬ, ಆಟ ಕಟ್ಟುವ ಎಂಜಿನ್, 2014ರಲ್ಲಿ ಅರ್ಜೆಂಟೀನಾದ ಇಬ್ಬರು ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟದ್ದು. ಆಟ ಓಡುತ್ತಿರುವಾಗ ಯಾವ ಚಿತ್ರ ಎಷ್ಟು ಸ್ಮರಣೆ ತಿನ್ನುತ್ತಿದೆ ಎಂದು ಅದರಲ್ಲೊಂದು ಪಟ್ಟಿ ನೋಡಬಹುದು. ನನ್ನ ಫೋನಿನಲ್ಲಿ ಎಂದೂ ತೊಂದರೆಯಾಗದ ಕಾರಣ ನಾನು ಆ ಪಟ್ಟಿಯನ್ನು ತಿಂಗಳುಗಟ್ಟಲೆ ತೆರೆದಿರಲಿಲ್ಲ. ಈಗ ಲ್ಯಾಪ್‌ಟಾಪಿನಲ್ಲಿಯೇ ಆಟ ಓಡಿಸಿ ತೆರೆದೆ. ಮೇಲಿನ ಮೂರು ಹೆಸರು ನೋಡಿ ಕಿವಿ ಬಿಸಿಯಾಯಿತು: ಅಕ್ಷರ-1, ಅಕ್ಷರ-2, ಅಕ್ಷರ-3. ಒಂದೊಂದೂ 64 ಎಂಬಿ.

ಇವು ಹಳೆಯ ಪಾಪ. ಈ ಆಟ ಶುರು ಮಾಡಿದ್ದು ಗೊಡೋ 3ರಲ್ಲಿ. ಆ ಆವೃತ್ತಿಗೆ ಒತ್ತಕ್ಷರ ಜೋಡಿಸುವ ವಿದ್ಯೆ ಬರುತ್ತಿರಲಿಲ್ಲ. ಚೆನ್ನೆ ಎಂದು ಬರೆದರೆ ಒತ್ತು ಕೆಳಗಿಳಿಯದೆ, ಪಕ್ಕದಲ್ಲಿ ಇನ್ನೊಂದು ನಕಾರವಾಗಿ ನಿಂತು, ಎತ್ವ ಯಾರದೋ ಟೋಪಿಯಂತೆ ಗಾಳಿಯಲ್ಲಿ ತೇಲುತ್ತಿತ್ತು. ಆಟದ ಹೆಸರೇ ಸರಿಯಾಗಿ ಮೂಡದ ಮೇಲೆ ಉಳಿದ ಮಾತೇನು? ಆಗ ಒಂದು ಉಪಾಯ ಮಾಡಿದೆ. ಆಟದಲ್ಲಿ ಬರುವ ಪ್ರತಿಯೊಂದು ಮಾತನ್ನೂ, "ನಿಮ್ಮ ಸರದಿ"ಯಿಂದ "ಸೋತಿರಿ"ಯವರೆಗೆ, ಬೇರೆ ತಂತ್ರಾಂಶದಲ್ಲಿ ಬರೆದು ಚಿತ್ರ ಮಾಡಿ, ಮೂರು ದೊಡ್ಡ ಹಾಳೆಗಳಲ್ಲಿ ಅಂಟಿಸಿದೆ. ಅಕ್ಷರ ತಪ್ಪಾದರೆ ಚಿತ್ರ ಹೊಸದಾಗಿ ಬರೆಯಬೇಕು. ಒಂದು ದೀರ್ಘ ತಿದ್ದಲು ಅರ್ಧ ದಿನ. 2023ರ ಮಾರ್ಚಿನಲ್ಲಿ ಗೊಡೋ 4 ಬಂದು ಕನ್ನಡವನ್ನು ನೇರವಾಗಿ ಬರೆಯತೊಡಗಿದಾಗ ನಾನು ಅಡುಗೆಮನೆಗೆ ಓಡಿ ಅಮ್ಮನಿಗೆ ತೋರಿಸಿದ್ದೆ. "ಇದರಲ್ಲಿ ಹೊಸತೇನು? ನ್ನ ಹೀಗೇ ಅಲ್ಲವೇ ಇರುವುದು" ಎಂದಿದ್ದಳು. ಎಲ್ಲ ಮಾತುಗಳನ್ನೂ ಹೊಸ ವಿಧಾನಕ್ಕೆ ಬದಲಿಸಿದೆ. ಮೂರು ಹಾಳೆಗಳನ್ನು ಕರೆಯುವ ಮೂರು ಸಾಲುಗಳನ್ನು ಮಾತ್ರ ಅಳಿಸಲು ಮರೆತೆ. ಎರಡು ವರ್ಷದಿಂದ ಯಾರಿಗೂ ಕಾಣದ ಆ ಹಾಳೆಗಳು ಮಣೆ ಬಿಡಿಸಿಕೊಳ್ಳುವಾಗಲೆಲ್ಲ ಬಂದು ಕೂರುತ್ತಿದ್ದವು.

ಕಡತವಾಗಿ ಒಂದೊಂದೂ ಒಂದು ಎಂಬಿಯಷ್ಟೂ ಇರಲಿಲ್ಲ, ಅದರಿಂದಲೇ ಮೋಸಹೋದೆ. ಸಂಗ್ರಹದಲ್ಲಿ ಚಿತ್ರ ಮಡಚಿಟ್ಟ ಸೀರೆಯಂತೆ, ಪರದೆಗೆ ಬರುವ ಮುನ್ನ ಪೂರ್ತಿ ಬಿಚ್ಚಬೇಕು. ಉದ್ದ 4096 ಚುಕ್ಕಿ, ಅಗಲ 4096 ಚುಕ್ಕಿ, ಚುಕ್ಕಿಗೆ ನಾಲ್ಕು ಬೈಟ್: ಗುಣಿಸಿದರೆ 64 ಎಂಬಿ. ಬರೆದದ್ದೆಷ್ಟು, ಖಾಲಿ ಬಿಟ್ಟದ್ದೆಷ್ಟು ಎಂಬ ವಿಚಾರ ಅಲ್ಲಿಲ್ಲ. ಮೂರು ಸೇರಿ 192. ನನ್ನ ಫೋನಿಗೆ ಅದು ಎಲೆಯ ತುದಿಯ ಉಪ್ಪು, ದೊಡ್ಡಮ್ಮನ ಫೋನಿಗೆ ಒಂದು ಕೋಣೆ.

ಮೂರು ಸಾಲು ಅಳಿಸಲು ಹತ್ತು ಸೆಕೆಂಡು. ಹೊಸ ಪ್ರತಿ ಕಟ್ಟುವಾಗ ಲ್ಯಾಪ್‌ಟಾಪ್ 34 ತೋರಿಸುತ್ತಿತ್ತು. ಫ್ಯಾನ್ ಜೋರಾಗಿ ಊದುತ್ತಿತ್ತು. ನಾನು ಪರದೆಯ ಬೆಳಕನ್ನು ಏನೂ ಕಾಣದಷ್ಟು ಇಳಿಸಿ, ಉಸಿರು ಬಿಗಿಹಿಡಿದು ಕುಳಿತೆ. 31ಕ್ಕೆ ಪ್ರತಿ ಫೋನಿಗೆ ಇಳಿಯಿತು. ಅದಾದ ಎರಡು ನಿಮಿಷಕ್ಕೆ ಲ್ಯಾಪ್‌ಟಾಪ್ ತನ್ನ ಎಂದಿನ ರೀತಿಯಲ್ಲಿ ಕಣ್ಣು ಮುಚ್ಚಿತು. ಮಾಡಿದ ಬದಲಾವಣೆಯನ್ನು ಕಡತಕ್ಕೆ ಬರೆದಾಗಿತ್ತು ಎಂದು ನೆನಪಾಗಲು ಒಂದು ಭೀಕರ ಕ್ಷಣ ಬೇಕಾಯಿತು.

ಮಣೆ ಬಂತು. ನಿಂತಿತು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಆಡತೊಡಗಿದಳು. ಬೆರಳನ್ನು ಪರದೆಯ ಮೇಲೆ ಕಾಯಿ ಬಿತ್ತುವಂತೆಯೇ ಸರಿಸುತ್ತಾ ಹೋದಳು. ಅದರ ಅಗತ್ಯವಿಲ್ಲ, ಒಂದು ಸಲ ಮುಟ್ಟಿದರೆ ಸಾಕು ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಮೊದಲ ಆಟ ಸೋತಳು. ಎರಡನೆಯದನ್ನೂ ಸೋತಳು. ಮೂರನೆಯದರ ನಡುವೆ ಫೋನನ್ನು ಮಡಿಲಿಗೆ ಇಳಿಸಿದಳು.

"ಇದರೊಳಗಿರುವವನು ಎಣಿಸಿಕೊಂಡು ಆಡುತ್ತಾನೆ."

ಹೌದು, ಎಣಿಸುತ್ತಾನೆ. ಮುಂದಿನ ಐದು ನಡೆಗಳಲ್ಲಿ ಏನೇನಾಗಬಹುದೆಂದು ಪ್ರತಿಯೊಂದನ್ನೂ ಆಡಿ ನೋಡಿ, ಅತಿ ಹೆಚ್ಚು ಕಾಯಿ ಸಿಗುವುದನ್ನು ಆರಿಸುತ್ತಾನೆ. ಅವನನ್ನು ಹಾಗೆ ಬರೆಯಲು ನನಗೆ ಮೂರು ವಾರ ಹಿಡಿದಿತ್ತು. ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

"ಎಣಿಸಬಾರದು ಮಾರಾಯ. ನಮ್ಮಲ್ಲಿ ಗುಳಿಗೆ ಬೆರಳು ಹಾಕಿ ಎಣಿಸಿದರೆ ಅತ್ತೆ ಕೈಗೆ ಹೊಡೆಯುತ್ತಿದ್ದರು. ಕಣ್ಣಂದಾಜಿನಲ್ಲಿ ಬಾಚಬೇಕು. ಇವನು ಎಣಿಸುವುದೂ ಅಲ್ಲದೆ, ಎಣಿಸಿದ್ದು ನನಗೆ ಕಾಣದ ಹಾಗೆ ಎಣಿಸುತ್ತಾನೆ."

ಲ್ಯಾಪ್‌ಟಾಪ್ ಸತ್ತಿದ್ದರಿಂದ ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆ ಹರಿದು ಅದರ ಬೆನ್ನಿಗೆ ಬರೆದುಕೊಂಡೆ: ಎದುರಾಳಿ ಎಣಿಸಬಾರದು, ಅಂದಾಜು ಮಾಡಬೇಕು, ಆಗಾಗ ತಪ್ಪಬೇಕು. ಅದಕ್ಕೆ ಎಷ್ಟು ದಿನ ಬೇಕು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿದ್ದಾಗ ಮಳೆ ಹೊಳವಾಯಿತು. ತೋಡಿನ ಆಚೆಯಿಂದ ಅಮ್ಮ ಕೂಗುವುದು ಕೇಳಿಸಿತು, ಔಷಧಿಯವರು ಬಂದಿದ್ದರು.

ಹೊರಡುವಾಗ ಬಿಳಿಯ ವೈರನ್ನು ಜೇಬಿಗೆ ಹಾಕಿಕೊಳ್ಳಲೇ ಎಂದು ಕೇಳಿದೆ. ದೊಡ್ಡಮ್ಮ ಕಾಯಿಗಳನ್ನು ಚೀಲಕ್ಕೆ ತುಂಬಿಸುತ್ತಿದ್ದಳು. 55 ಇತ್ತು. "ಮೊದಲು ಆ ಒಂದನ್ನು ಹುಡುಕಿ ಕೊಡು" ಎಂದಳು. ಅದು ನನ್ನ ಗೊಬ್ಬರದ ಚೀಲದ ಮಡಿಕೆಯಲ್ಲಿತ್ತು. ಕೊಟ್ಟೆ. ಅವಳು ವೈರು ನನಗೆ ಬಿಟ್ಟು, ಬಾಳೆನಾರಿನಿಂದ ಚೀಲದ ಬಾಯಿ ಕಟ್ಟಿದಳು. ಸಂಕ ದಾಟುವ ಮೊದಲೇ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಮೂರನೆಯದನ್ನು ಗೆದ್ದೆ" ಎಂದಳು.