ಯಾವ ಶನಿವಾರ ಬಿಡುವು ಐತೆ?

"ಎರಡು ಲಕ್ಷ ಕೊಡ್ತೀನಿ ಟೀಚರ್. ಈಗಲೇ ಬೇಕಿದ್ರೂ ಹಾಕ್ತೀನಿ," ಅಂದ ಆತ, ಫೋನ್ ಕೈಗೆ ತಗೊಂಡು.

ಟೀಚರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದರು. "ಸಂತೋಷ ಅಪ್ಪಾ. ನಿನಗೆ ಯಾವ ಶನಿವಾರ ಬಿಡುವು ಐತೆ?"

ಆತನಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಮೊತ್ತ ಹೇಳಿದ. ಅವರೂ ಮತ್ತೊಮ್ಮೆ ಶನಿವಾರದ ಬಗ್ಗೆಯೇ ಕೇಳಿದರು. ದನಿ ಏರಿಸಲಿಲ್ಲ, ಚುಚ್ಚಲೂ ಇಲ್ಲ. ಶಾಲೆಯಲ್ಲಿ ನಮ್ಮನ್ನು "ಹೋಂವರ್ಕ್ ಎಲ್ಲಿ?" ಅಂತ ಕೇಳುತ್ತಿದ್ದರಲ್ಲ, ಅದೇ ದನಿ. ಆತ ನನ್ನ ಮುಖ ನೋಡಿದ. ನಾನು ಏಣಿ ಮೇಲಿದ್ದೆ, ಜೇಡರ ಬಲೆ ತೆಗೆಯುತ್ತಿದ್ದೆ. ಏನು ಹೇಳಬೇಕೋ ತಿಳಿಯಲಿಲ್ಲ.

ಇದು ನಡೆದದ್ದು ಮೊನ್ನೆ, ಬಳ್ಳಾರಿ ಕಂಟೋನ್ಮೆಂಟ್ ಕಡೆಯ ಒಂದು ಪುಟ್ಟ ಚಾಪೆಲ್‌ನಲ್ಲಿ. ಸುತ್ತಲಿನವರು ಅದನ್ನು ಸಣ್ಣ ಚರ್ಚು ಅಂತಲೇ ಕರೆಯುತ್ತಾರೆ. ಐವತ್ತು ಜನ ಕೂತರೆ ತುಂಬಿಹೋಗುತ್ತೆ. ದಪ್ಪ ಗೋಡೆ, ಎತ್ತರದ ಕಿಟಕಿ. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ಕಾಲಿಟ್ಟರೆ ಹಾಯ್ ಅನ್ನಿಸುತ್ತೆ. ನಮ್ಮ ಮನೆಯವರು ದುರ್ಗಮ್ಮನ ಗುಡಿಗೆ ನಡೆದುಕೊಳ್ಳುವವರು. ನಾನು ಅಲ್ಲಿಗೆ ಹೋಗುವುದು ಗಣಿತ ಕಲಿಸಿದ ಟೀಚರಮ್ಮನಿಗಾಗಿ. ಏಣಿ ಇದ್ದರೆ ತಗೊಂಡು ಬಾ ಅಂತ ಫೋನ್ ಮಾಡುತ್ತಾರೆ, ಹೋಗುತ್ತೇನೆ. ಈಗೀಗ ಅವರು ಕರೆಯದಿದ್ದರೂ ಹೋಗಬೇಕು ಅನ್ನಿಸುತ್ತೆ.

1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಆಮೇಲೆ ಊರಿಗೆ ದಂಡು ಬಂತು. ದಂಡಿನ ಜೊತೆ ಚರ್ಚುಗಳು, ಸಮಾಧಿಗಳು ಬಂದವು. 1810ರಲ್ಲಿ ಇಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಇಲ್ಲೇ ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ನಮ್ಮೂರಿನ ವಾರ್ಡ್ಲಾ ಶಾಲೆ ಶುರುವಾದದ್ದೂ ಅವರ ಮಿಷನ್ನಿನವರಿಂದಲೇ. ದಂಡು ಹೋಯಿತು, ದೊಡ್ಡ ಚರ್ಚುಗಳು ದೊಡ್ಡ ಸಭೆಗಳ ಕೈಯಲ್ಲಿ ಉಳಿದುಕೊಂಡವು. ಇಂಥ ಸಣ್ಣವು ಮಾತ್ರ ಯಾರಿಗೂ ಬೇಡವಾದವು. ಈ ಚಾಪೆಲ್‌ಗೆ ಪಾದ್ರಿ ಅಯ್ಯನವರು ಬರುವುದು ತಿಂಗಳಿಗೊಮ್ಮೆ. ಉಳಿದ ದಿನ ಇದನ್ನು ನಡೆಸುವವರು ಟೀಚರಮ್ಮ, ರೈಲ್ವೆಯಿಂದ ನಿವೃತ್ತರಾದ ಒಬ್ಬರು, ಒಬ್ಬ ನರ್ಸ್, ಒಬ್ಬ ಆಟೋ ಡ್ರೈವರ್. ಯಾರಿಗೂ ಸಂಬಳ ಇಲ್ಲ. ಕರೆಂಟ್ ಬಿಲ್ಲಿಗೂ ಇವರೇ ಕೈ ಕೂಡಿಸುತ್ತಾರೆ.

ದುಡ್ಡು ಕೊಡಲು ಬಂದವನ ಬಗ್ಗೆ ಎರಡು ಮಾತು ಹೇಳಲೇಬೇಕು. ಕೆಟ್ಟವನಲ್ಲ. ಅವನ ತಾಯಿ ಇದೇ ಚಾಪೆಲ್‌ನಲ್ಲಿ ಹಾಡುತ್ತಿದ್ದರಂತೆ. ಕೊನೆಯ ಬೆಂಚಿನ ಹತ್ತಿರ ನಿಂತಾಗ ಅವನ ಕಣ್ಣು ತುಂಬಿದ್ದನ್ನು ಏಣಿ ಮೇಲಿಂದಲೇ ನೋಡಿದೆ. ಅದು ನಾಟಕ ಆಗಿರಲಿಲ್ಲ. ಆದರೆ ಅವನು ಕೇಳಿದ್ದೇನು ಅಂದರೆ, ನೆಲಕ್ಕೆ ಟೈಲ್ಸ್, ಗೋಡೆಗೆ ಸಿಮೆಂಟು, ಬಾಗಿಲ ಪಕ್ಕ ತಾಯಿಯ ಹೆಸರಿನ ಕರಿ ಗ್ರಾನೈಟ್ ಕಲ್ಲು. ಇದನ್ನೆಲ್ಲ ಪ್ರೀತಿಯಿಂದಲೇ ಕೇಳಿದ. ನನಗೆ ಭಯವಾಗಿದ್ದೂ ಅದಕ್ಕೇ.

ಯಾಕೆಂದರೆ ಪಶ್ಚಿಮದ ಗೋಡೆ ಕಣ್ಣೆದುರೇ ಇತ್ತು. ಎಷ್ಟೋ ವರ್ಷದ ಹಿಂದೆ ಇನ್ನೊಬ್ಬ ದಾನಿ ಅದಕ್ಕೆ ಸಿಮೆಂಟ್ ಬಳಿಸಿದ್ದರು. ಈಗ ಅದು ಉಬ್ಬಿ ಉಬ್ಬಿ ಬೀಳುತ್ತಿದೆ. ಮುಟ್ಟಿದರೆ ಒಳಗಿನ ಇಟ್ಟಿಗೆ ಪುಡಿಯಾಗಿ ಉದುರುತ್ತೆ. ಹಳೇ ಗೋಡೆ ಕಟ್ಟಿರುವುದು ಸುಣ್ಣದ ಗಾರೆಯಿಂದ. ನೆಲದಿಂದ ಏರಿದ ತೇವ ಆ ಗಾರೆಯ ಮೂಲಕ ಹೊರಗೆ ಆರಿಹೋಗುತ್ತೆ. ಮೇಲೆ ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿಹೋಗುತ್ತೆ. ತೇವದ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ತಿನ್ನುತ್ತೆ. ಏನೂ ಮಾಡದೆ ಬಿಟ್ಟ ಪೂರ್ವದ ಗೋಡೆ ಇವತ್ತಿಗೂ ಗಟ್ಟಿ ಇದೆ. ದುಡ್ಡು ಬಿದ್ದ ಗೋಡೆ ಸಾಯುತ್ತಿದೆ. ಆ ದಾನಿಯ ಹೆಸರಿನ ಕಲ್ಲು ಮಾತ್ರ ಪಳಪಳ ಹೊಳೆಯುತ್ತಿದೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ಟೀಚರಮ್ಮ ಇದ್ಯಾವುದನ್ನೂ ಅವನಿಗೆ ಹೇಳಲಿಲ್ಲ. ಬೈಯಲಿಲ್ಲ, ದುಡ್ಡು ಬೇಡ ಅಂತಲೂ ಅನ್ನಲಿಲ್ಲ. ಬರೀ ಶನಿವಾರ ಕೇಳಿದರು. ಅವನು ಹೋದ ಮೇಲೆ ನಾನೇ ಕೇಳಿದೆ, ಯಾಕೆ ಹಾಗೆ ಅಂದಿರಿ ಅಂತ.

"ಒಂದೆರಡು ಶನಿವಾರ ಇಲ್ಲಿ ಕೆಲಸ ಮಾಡಿದ್ರೆ ಟೈಲ್ಸ್ ಹಾಕ್ಸು ಅಂತ ಅವನೇ ಹೇಳಲ್ಲ," ಅಂದರು. ಅಷ್ಟೇ. ಮತ್ತೆ ಪೊರಕೆ ತಗೊಂಡರು.

ವಾರವಿಡೀ ಇದೇ ತಲೆಯಲ್ಲಿ ಸುತ್ತುತ್ತಿದೆ. ಆಫೀಸಿನಲ್ಲಿ ಕೂತಾಗ, ರಾಯಲ್ ಸರ್ಕಲ್‌ನಲ್ಲಿ ಸಿಗ್ನಲ್ ಕಾಯುವಾಗ, ಆ ಶನಿವಾರದ ಪ್ರಶ್ನೆಯೇ ನೆನಪಾಗುತ್ತೆ. ನಮ್ಮ ಜಿಲ್ಲೆಗಳಲ್ಲಿ ಹಳೆಯ ಜಾಗಗಳಿಗೆ ಬರವಿಲ್ಲ. ಕುರುಗೋಡಿನಲ್ಲಿ ಸಿಂದ ಅರಸರ ಕಾಲದ ಗುಡಿಗಳಿವೆ. ಕುಕನೂರಿನಲ್ಲಿ ನವಲಿಂಗ ಗುಡಿ ಇದೆ. ನಮ್ಮ ಊರ ಪಕ್ಕದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯ ಹಾಗೆ ದನಿ ಕೊಡುವ ಬಂಡೆಗಳಿವೆ, ಸಾವಿರಾರು ವರ್ಷದ ಹಿಂದಿನ ಜನ ಅವುಗಳ ಮೇಲೆ ಚಿತ್ರ ಕೊರೆದಿದ್ದಾರೆ. ಆ ಗುಡ್ಡಕ್ಕೂ ಕಲ್ಲು ಗಣಿ ಕೈ ಹಾಕಿತ್ತು. ದೊಡ್ಡ ಹೆಸರಿನ ಜಾಗಗಳಿಗೆ ಇಲಾಖೆಯ ಬೋರ್ಡು, ಕಾವಲುಗಾರ ಇರುತ್ತಾರೆ. ಪಟ್ಟಿಯಲ್ಲಿ ಇಲ್ಲದ ಸಣ್ಣ ಗುಡಿ, ಸಣ್ಣ ದರ್ಗಾ, ಸಣ್ಣ ಚಾಪೆಲ್‌ಗಳ ಕಥೆ ಬೇರೆ. ಅಲ್ಲಿ ಹೋಗಿ ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿ. ಜಾಸ್ತಿ ಕಡೆ ಒಂದೇ ಮನೆ ತೋರಿಸುತ್ತಾರೆ, ಆ ಮನೆಯಲ್ಲಿ ಒಬ್ಬರೇ ವಯಸ್ಸಾದವರು ಇರುತ್ತಾರೆ. ಅವರಿಗೆ ಜ್ವರ ಬಂದರೆ ಬಾಗಿಲು ತೆಗೆಯುವವರಿಲ್ಲ. ಬಾಗಿಲು ತೆಗೆಯದಿದ್ದರೆ ಗೆದ್ದಲು ಎಲ್ಲಿ ಹತ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ.

ಜೀರ್ಣೋದ್ಧಾರಕ್ಕೆ ದುಡ್ಡು ಸಿಗುತ್ತೆ, ನಾನೇ ನೋಡಿದ್ದೇನೆ. ಪೊರಕೆಗೆ, ಗೆದ್ದಲ ಔಷಧಿಗೆ, ಒಡೆದ ಗಾಜಿಗೆ ಸಿಗಲ್ಲ. ಆ ಖರ್ಚಿನ ಪಕ್ಕ ಹೆಸರು ಕೆತ್ತಿಸೋಕೆ ಜಾಗ ಇಲ್ಲವಲ್ಲ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ. ದಾನ ಮಾಡುವವರ ಮನಸ್ಸು ಸಣ್ಣದು ಅಂತಲ್ಲ. ದೊಡ್ಡದಾಗಿ ಏನಾದರೂ ಮಾಡಿದರೆ ಮಾತ್ರ ಮಾಡಿದಂತೆ ಅಂತ ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ತಿಂಗಳಿಗೆ ನೂರು ರೂಪಾಯಿ, ಅದನ್ನೇ ಹತ್ತು ವರ್ಷ ತಪ್ಪದೆ ಕೊಡುವವರು ಇದ್ದರೆ ಟೀಚರಮ್ಮನಂಥವರಿಗೆ ಎಷ್ಟು ನಿರಾಳ ಗೊತ್ತಾ? ಅದಕ್ಕಿಂತ ನಿರಾಳ, ಇನ್ನೊಂದು ಕೀಲಿ ಇಟ್ಟುಕೊಳ್ಳುವ ಒಬ್ಬ ಹುಡುಗನೋ ಹುಡುಗಿಯೋ ಸಿಕ್ಕರೆ.

ಆತ ಇನ್ನೂ ಫೋನ್ ಮಾಡಿಲ್ಲ. ಮಾಡುತ್ತಾನೆ ಅಂತ ಟೀಚರಮ್ಮನಿಗೆ ನಂಬಿಕೆ. ನನಗೆ ಅಷ್ಟು ಇಲ್ಲ, ಆದರೂ ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಅಷ್ಟರಲ್ಲಿ ಕೆಲಸ ಕಾಯುತ್ತಿದೆ. ಬಳ್ಳಾರಿಗೆ ಮಳೆ ಜಾಸ್ತಿ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಷ್ಟರೊಳಗೆ ಮಾಳಿಗೆ ಮೇಲಿನ ಎಲೆ, ಕಸ ತೆಗೆದು ನೀರು ಹೋಗುವ ದಾರಿ ಬಿಡಿಸಬೇಕು. ಪಶ್ಚಿಮದ ಗೋಡೆಯ ಸಿಮೆಂಟನ್ನು ಇಟ್ಟಿಗೆಗೆ ಪೆಟ್ಟಾಗದ ಹಾಗೆ ಮೆಲ್ಲಗೆ ಬಿಡಿಸಿ ಗಾರೆ ಹಾಕಬೇಕು. ಗಾರೆ ಕೆಲಸ ಬಲ್ಲ ಮುದುಕ ಮೇಸ್ತ್ರಿಯೊಬ್ಬರು ಸಿಕ್ಕಿದ್ದಾರೆ. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಬೇಕು, ಬೆಲ್ಲ ಮತ್ತು ಅಳಲೆಕಾಯಿ ನೀರು ಬೇಕು ಅಂದಿದ್ದಾರೆ. ಅಳಲೆಕಾಯಿಗೆ ಗ್ರಂಥಿಗೆ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಸುಣ್ಣ ನೆನೆಹಾಕಲು ದೊಡ್ಡ ಡ್ರಮ್ ಬೇಕಾಗಿದೆ. ಬಳ್ಳಾರಿಯಲ್ಲಿ ಯಾರ ಮನೆ ಹಿತ್ತಲಲ್ಲಾದರೂ ಒಂದು ಸುಮ್ನೆ ಬಿದ್ದಿದ್ದರೆ ಹೇಳಿ, ಬಂದು ತಗೊಂಡು ಹೋಗುತ್ತೇನೆ.